ಎಂಜಲಿನಲ್ಲಿ ಸಿಕ್ಕಿಬಿದ್ದ ಬೆರಕೆ ಹಲ್ಲಿಗಳು: ನನ್ನ ಅನುಭವ

ಹಲ್ಲಿಯೊಂದಕ್ಕೆ ಸುಮಾರು 300 ರೂಪಾಯಿ ಖರ್ಚು ಮಾಡಿ, ಬಾಲ ಕತ್ತರಿಸದೆ, ಅದು ಒಂದೇ ಪ್ರಭೇದದ್ದೋ ಎರಡರ ಬೆರಕೆಯೋ ಹೇಳಬಹುದು. ಪುಣೆಯಲ್ಲಿ ಕೂತು ನಾವು ಇದನ್ನು ಮಾಡಿ ಮುಗಿಸಿದ್ದೇವೆ. ಶುರು ಮಾಡಿದಾಗ ಎರಡು ಕಡೆಯಿಂದ ತಕರಾರು ಬಂತು. ಬಾಯಿಯ ಎಂಜಲಿನಿಂದ ಆಗುವ ಕೆಲಸ ಇದಲ್ಲ, ಬಾಲದ ತುದಿ ಬೇಕೇ ಬೇಕು ಅಂತ ಒಂದು. ಐದಾರು ಗುರುತು (ಎರಡು ಪ್ರಭೇದಗಳಲ್ಲಿ ಬೇರೆ ಬೇರೆ ಇರುವ ಡಿಎನ್‌ಎಯ ಜಾಗ) ಇಟ್ಟುಕೊಂಡು ಬೆರಕೆ ಹಿಡಿಯಲಾಗದು, ಜೀನೋಮನ್ನೇ ಓದಿಸಬೇಕು ಅಂತ ಇನ್ನೊಂದು. ವಿಜಯಪುರದ ಗೆಳೆಯರೊಬ್ಬರು, "ಎಂಜಲಾಗ ಏನ್ ಸಿಗ್ತದ್ರೀ ಸರ? ನುಂಗಿದ ನೊಣದ ಡಿಎನ್‌ಎ ಸಿಗ್ತದ, ಅಷ್ಟ" ಅಂದಿದ್ದರು. ಅವರ ಮಾತಿನಲ್ಲಿ ಅರ್ಧ ನಿಜ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಎರಡು ಪ್ರಭೇದಗಳು ಕೂಡಿಯೂ ಕಲಸಿಹೋಗದೆ ಉಳಿಯುವುದು ಹೇಗೆ ಅನ್ನುವುದು ಪುಸ್ತಕದಲ್ಲಿ ದೊಡ್ಡ ಸಿದ್ಧಾಂತ. ಕೆಲಸಕ್ಕಿಳಿದರೆ ಅದು ಮೂರು ಲೆಕ್ಕಗಳಿಗೆ ಇಳಿಯುತ್ತದೆ: ಬೆರಕೆ ಎಷ್ಟು ಹುಟ್ಟುತ್ತವೆ, ಹುಟ್ಟಿದವು ಎಷ್ಟು ಬದುಕುತ್ತವೆ, ಬದುಕಿದವು ಮುಂದೆ ಯಾರ ಜೊತೆ ಕೂಡುತ್ತವೆ. ಮೂರಕ್ಕೂ ಮೊದಲು ಬೇಕಾದದ್ದು, ಕೈಯಲ್ಲಿರುವ ಹಲ್ಲಿ ಯಾವುದು ಅಂತ ತಪ್ಪಿಲ್ಲದೆ ಹೇಳುವ ಅಗ್ಗದ ದಾರಿ.

ಜಾಗದ ಹೆಸರಾಗಲಿ ಪ್ರಭೇದಗಳ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ. ಸಹ್ಯಾದ್ರಿಯ ಹಲ್ಲಿಗಳಿಗೆ ಈಗ ಸಾಕುವವರ ಕಳ್ಳ ಮಾರುಕಟ್ಟೆ ಇದೆ, ಜಾಗ ಬರೆದರೆ ಮುಂದಿನ ಸಲ ಬಂಡೆ ಬರಿದಾಗಿರುತ್ತದೆ. ಎರಡೂ ಹೆಮಿಡ್ಯಾಕ್ಟಿಲಸ್ ಕುಲದವು, ಒಂದು ಬಂಡೆಯದು, ಇನ್ನೊಂದು ಗೋಡೆ-ಮೋರಿಗಳಿಗೆ ಒಗ್ಗಿದ್ದು, ಘಾಟಿನ ರಸ್ತೆಯೊಂದರ ಉದ್ದಕ್ಕೂ ಎದುರುಬದುರಾಗುತ್ತವೆ ಎಂದರೆ ಸಾಕು. ಈ ಕುಲದಲ್ಲಿ ಹೆಸರುಗಳೇ ಇನ್ನೂ ಹಸಿ. ಸಾತಾರದ ಹೆಮಿಡ್ಯಾಕ್ಟಿಲಸ್ ಸಾತಾರೆನ್ಸಿಸ್, ಜುನ್ನರ್ ಕಡೆಯ ಹೆಮಿಡ್ಯಾಕ್ಟಿಲಸ್ ಆರನ್‌ಬಾವರಿ, ಎರಡಕ್ಕೂ ಹೆಸರು ಬಿದ್ದದ್ದು 2008ರಲ್ಲಿ. ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಹಲ್ಲಿ ಮುಟ್ಟಬೇಡಿ ಅಂತ ನಿಮಗೆ ಹೇಳಬೇಕಾಗಿಲ್ಲ.

ಫೋಟೋದಿಂದ ಬೆರಕೆ ಗುರುತಿಸುವ ಆಸೆ ಎಲ್ಲರಿಗೂ ಮೊದಲು ಬರುತ್ತದೆ. ಬಿಟ್ಟುಬಿಡಿ. ಒಂದೇ ಹಲ್ಲಿ ಹಗಲಿಗೆ ಕಪ್ಪು, ರಾತ್ರಿಗೆ ಬಿಳಿಚು. ಪೊರೆ ಬಿಡುವ ಮುಂಚೆ ಬೆನ್ನಿನ ಗುರುತೆಲ್ಲ ಮಸುಕು. ಮತ್ತೆ ಬೆಳೆದ ಬಾಲ ಮೂಲದ ಹಾಗೆ ಇರುವುದಿಲ್ಲ. ಬೆನ್ನಿನ ಗಂಟುಗಳ ಸಾಲು, ಗಂಡಿನ ತೊಡೆಯ ರಂಧ್ರ, ಬೆರಳಡಿಯ ಪಟ್ಟಿ ಇವನ್ನು ಎಣಿಸಿದರೆ ಎರಡು ಗುಂಪು ಸಿಗುತ್ತವೆ, ಸರಿ. ಆದರೆ ನಡುವಿನ ಎಣಿಕೆ ಬಂದವೆಲ್ಲ ಬೆರಕೆ ಅಲ್ಲ, ಬೆರಕೆಗಳೆಲ್ಲ ನಡುವಿನ ಎಣಿಕೆ ತೋರಿಸುವುದೂ ಇಲ್ಲ. ನಮ್ಮಲ್ಲಿ "ಇದು ಖಂಡಿತ ಬೆರಕೆ" ಅಂತ ಕಣ್ಣಳತೆಯಲ್ಲಿ ಬೇರೆ ಇಟ್ಟವುಗಳಲ್ಲಿ ಹೆಚ್ಚಿನವು ಜೆಲ್ (ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಹಾಳೆ) ಮೇಲೆ ಒಂದೇ ಕಡೆಯವಾಗಿ ನಿಂತವು.

ಈಗ ಸ್ವಾಬ್. ಕೋವಿಡ್ ಕಾಲದ ನೈಲಾನ್ ಸ್ವಾಬ್‌ಗಳು ಸದಾಶಿವ ಪೇಠದ ಹೋಲ್‌ಸೇಲ್ ಮೆಡಿಕಲ್‌ಗಳಲ್ಲಿ ಒಂದು ಕಾಲಕ್ಕೆ ಕಡಲೆಕಾಯಿ ಬೆಲೆಗೆ ಸಿಗುತ್ತಿದ್ದವು. ಈಗಲೂ ನೂರರ ಪ್ಯಾಕ್ ತಗೊಂಡರೆ ಒಂದಕ್ಕೆ ಆರೇಳು ರೂಪಾಯಿ ಬೀಳಬಹುದು. ಗಂಟಲಿಗೆ ಹಾಕುವ ದಪ್ಪ ತುದಿಯದು ಬೇಡ, ಮೂಗಿಗೆ ಹಾಕುವ ತೆಳು ತುದಿಯದು ಕೇಳಿ. ಮರದ ಕಡ್ಡಿ, ಬಿದಿರು ಕಡ್ಡಿಯ ಹತ್ತಿ ಯಾವುದೂ ಆಗದು. ಕಡ್ಡಿಯಿಂದ ಬಿಡುವ ರಸ ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿ ಹೆಚ್ಚಿಸುವ ವಿಧಾನ) ಕೆಡಿಸುತ್ತದೆ, ಜೆಲ್ ಮೇಲೆ ಬ್ಯಾಂಡೇ, ಅಂದರೆ ಡಿಎನ್‌ಎಯ ಗೆರೆಯೇ ಬರುವುದಿಲ್ಲ, ನೀವು ಪ್ರೈಮರ್ (ಯಾವ ತುಣುಕು ಎಂದು ತೋರಿಸುವ ಚಿಕ್ಕ ಡಿಎನ್‌ಎ) ಮೇಲೆ ಅನುಮಾನ ಪಡುತ್ತ ಕೂರುತ್ತೀರಿ. ಮೂತಿಯಿಂದ ಗುದದವರೆಗೆ 35 ಮಿಲಿಮೀಟರ್‌ಗಿಂತ ಚಿಕ್ಕದಾದರೆ ಬಾಯಿ ತೆರೆಸಬೇಡಿ.

ಬಾಯಿ ತೆರೆಸುವುದು ಸುಲಭ, ಹೆಚ್ಚಿನವು ತಾವೇ ಕಚ್ಚಲು ಬರುತ್ತವೆ. ಬಾರದಿದ್ದರೆ ಹಳೆಯ ಸಿಮ್ ಕಾರ್ಡಿನ ಅಂಚು ದವಡೆಯ ಪಕ್ಕಕ್ಕೆ ಮುಟ್ಟಿಸಿದರೆ ಸಾಕು. ಕೆನ್ನೆಯ ಒಳಗೋಡೆಗೆ ಸ್ವಾಬನ್ನು ಒತ್ತಿ ಹದಿನೈದು ಇಪ್ಪತ್ತು ಸೆಕೆಂಡು ತಿರುಗಿಸಿ. ನಾಲಿಗೆಯ ಮೇಲೆ ಉಜ್ಜಿದರೆ ನೀರು ಬರುತ್ತದೆ, ಜೀವಕೋಶ ಅಷ್ಟಾಗಿ ಬರುವುದಿಲ್ಲ. ಹಿಡಿದ ಚೀಲ, ಕೈಗವಸು ಎರಡೂ ಹಲ್ಲಿಗೊಂದು. ಬಟ್ಟೆ ಚೀಲ ತೊಳೆದು ಮತ್ತೆ ಬಳಸುವವರನ್ನು ನೋಡಿದ್ದೇನೆ. ಬೇರೆ ಕೆಲಸಕ್ಕೆ ನಡೆದೀತು, ಬೆರಕೆ ಹುಡುಕುವ ಕೆಲಸಕ್ಕೆ ನಡೆಯದು. ಹೆದರಿ ತಾನೇ ಬಾಲ ಬಿಟ್ಟರೆ ಅದನ್ನು ಬಿಡಬೇಡಿ, ಅಬ್ಸಲ್ಯೂಟ್ ಆಲ್ಕೊಹಾಲಿನಲ್ಲಿ ಹಾಕಿಡಿ. ಅಂಥ ಬಾಲಗಳೇ ಮುಂದೆ ನಿಮ್ಮ ಮಾನದಂಡ.

ಸ್ವಾಬಿನ ತುದಿಯನ್ನು 1.5 ಮಿಲಿಲೀಟರ್ ಟ್ಯೂಬಿಗೆ ಕತ್ತರಿಸಿ, ಮೇಲೆ ಫಿಲ್ಟರ್ ಕಾಗದದ ಚೂರು, ಅದರ ಮೇಲೆ ಸಿಲಿಕಾ ಜೆಲ್ಲಿನ ಎರಡು ಮೂರು ಮಣಿ. ನೀಲಿ ಮಣಿ ಗುಲಾಬಿ ಆದ ದಿನವೇ ಬದಲಿಸಿ. ಕೊಂಕಣದ ಕಡೆ ಇಳಿದರೆ ಮಳೆಗಾಲದಲ್ಲಿ ನಾಲ್ಕೇ ದಿನಕ್ಕೆ ಸ್ವಾಬಿನ ಮೇಲೆ ಬೂಸ್ಟು ಕಾಣುತ್ತದೆ. ಎಸ್‌ಡಿಎಸ್ (ಸೋಪಿನಂಥ ರಾಸಾಯನಿಕ) ಇರುವ ಬಫರಿನಲ್ಲಿ ಇಟ್ಟರೆ ಬೂಸ್ಟಿನ ಕಾಟ ಇಲ್ಲ, ಆದರೆ ಆಮೇಲೆ ಚೆಲೆಕ್ಸ್ (ಲೋಹದ ಅಯಾನು ಹಿಡಿಯುವ ಮಣಿಗಳ ಜೊತೆ ಕುದಿಸಿ ಡಿಎನ್‌ಎ ತೆಗೆಯುವ) ದಾರಿ ಹಿಡಿಯಲಾಗದು. ಎಸ್‌ಡಿಎಸ್ ಹಾಗೇ ಉಳಿದು ಪಿಸಿಆರ್ ನಡೆಸುವ ಟ್ಯಾಕ್ ಎಂಜೈಮನ್ನು ಕೊಲ್ಲುತ್ತದೆ, ಡಿಎನ್‌ಎ ತೊಳೆದು ತೆಗೆಯುವ ಕಾಲಂ ಕಿಟ್‌ಗೇ ಹೋಗಬೇಕು, ಹಲ್ಲಿಗೆ 150 ರೂಪಾಯಿ ಹೆಚ್ಚು. ಹಾಗಾಗಿ ಒಣಗಿಸುವುದೇ ಲೇಸು.

ಚೆಲೆಕ್ಸ್ ಎಲ್ಲರೂ ಮಾಡಿದ್ದೀರಿ, ನಮ್ಮ ಅಳತೆ ಮಾತ್ರ ಹೇಳುತ್ತೇನೆ. ನೂರಕ್ಕೆ 5ರ ಚೆಲೆಕ್ಸ್ 150 ಮೈಕ್ರೋಲೀಟರ್, ಮಿಲಿಲೀಟರಿಗೆ 20 ಮಿಲಿಗ್ರಾಂ ಸಾಂದ್ರತೆಯ ಪ್ರೋಟಿನೇಸ್ ಕೆ (ಪ್ರೋಟೀನು ಕರಗಿಸುವ ಎಂಜೈಮ್) 8 ಮೈಕ್ರೋಲೀಟರ್. 56 ಡಿಗ್ರಿಯಲ್ಲಿ ಮೂರು ಗಂಟೆ, ನಡುನಡುವೆ ಬೆರಳಿನಿಂದ ತಟ್ಟುವುದು, ಕೊನೆಗೆ 96 ಡಿಗ್ರಿಯಲ್ಲಿ 10 ನಿಮಿಷ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲಿನ 80 ಮೈಕ್ರೋಲೀಟರ್ ಮಾತ್ರ ಬೇರೆ ಟ್ಯೂಬಿಗೆ. ಆಸೆಬಿದ್ದು ಕೆಳಗಿನದನ್ನೂ ಎಳೆದರೆ ಚೆಲೆಕ್ಸ್ ಮಣಿ ಜೊತೆಗೆ ಬಂದು ಪಿಸಿಆರಿನ ಮೆಗ್ನೀಸಿಯಂ ಹೀರುತ್ತದೆ. ಈ ಡಿಎನ್‌ಎ ಕುದಿದು ಒಂಟಿ ಎಳೆಯಾಗಿರುತ್ತದೆ, ಆದ್ದರಿಂದ ಡಿಎನ್‌ಎ ಅಳೆಯುವ ನ್ಯಾನೋಡ್ರಾಪ್ ಯಂತ್ರದ ಅಂಕಿಗೆ ಅರ್ಥವಿಲ್ಲ. 16ಎಸ್ ಜೀನಿನ ಚಿಕ್ಕ ತುಣುಕಿನ ಪಿಸಿಆರ್ ಬಂದರೆ ಡಿಎನ್‌ಎ ಇದೆ, ಬಾರದಿದ್ದರೆ ಡಿಎನ್‌ಎ ಇಲ್ಲ, ಇಲ್ಲವೇ ಏನೋ ಪಿಸಿಆರನ್ನು ತಡೆಯುತ್ತಿದೆ. ಒಂದೆರಡು ತಿಂಗಳೊಳಗೆ ಎಲ್ಲ ಗುರುತುಗಳನ್ನೂ ಓಡಿಸಿ ಮುಗಿಸಬೇಕು, ಚೆಲೆಕ್ಸ್ ಡಿಎನ್‌ಎ ಇಟ್ಟುಕೊಂಡು ಕೂರುವ ಸರಕಲ್ಲ. ಚೆಲೆಕ್ಸ್ ಜೊತೆ ನಾವು ಇನ್ನೊಂದು ಪುಡಿ ಸೇರಿಸುತ್ತೇವೆ, ಎಂಜಲಿನ ಲೋಳೆ ಕರಗಲು. ಅದರ ಹೆಸರು ಪ್ರಬಂಧ ಅಚ್ಚಾದ ಮೇಲೆ.

ಪಿಸಿಆರ್ 20 ಮೈಕ್ರೋಲೀಟರಿನದು: ಮಿಕ್ಸ್ 10, ಪ್ರೈಮರ್ ಅರ್ಧರ್ಧ, ಮಿಲಿಲೀಟರಿಗೆ 10 ಮಿಲಿಗ್ರಾಂ ಸಾಂದ್ರತೆಯ ಬಿಎಸ್‌ಎ (ಪಿಸಿಆರಿಗೆ ಅಡ್ಡಿ ಮಾಡುವುದನ್ನು ಹಿಡಿದಿಡುವ ಪ್ರೋಟೀನು) 1, ಡಿಎನ್‌ಎ 2, ಉಳಿದದ್ದು ನೀರು. ಬಿಎಸ್‌ಎ ಬಿಟ್ಟರೆ ಮೂರರಲ್ಲಿ ಒಂದು ಸ್ವಾಬ್ ಕೈಕೊಡುತ್ತದೆ. ಬಂದೇ ಇಲ್ಲ ಅಂದರೆ ಡಿಎನ್‌ಎ ಹೆಚ್ಚು ಹಾಕಬೇಡಿ, ಐದು ಪಟ್ಟು ನೀರು ಬೆರೆಸಿ ನೋಡಿ. ಅನೀಲಿಂಗ್ (ಪ್ರೈಮರ್ ಡಿಎನ್‌ಎಗೆ ಅಂಟಿಕೊಳ್ಳುವ ಬಿಸಿ) 58ರಿಂದ ಅರ್ಧ ಡಿಗ್ರಿಯಂತೆ 50ಕ್ಕೆ ಇಳಿಸಿ, ಅಲ್ಲಿಂದ ಇಪ್ಪತ್ತನಾಲ್ಕು ಸುತ್ತು.

ನಿಜವಾದ ಕೆಲಸ ಗುರುತು ಆರಿಸುವುದರಲ್ಲಿದೆ. ಮೈಟೋಕಾಂಡ್ರಿಯಕ್ಕೆ (ಕೋಶಕೇಂದ್ರದ ಹೊರಗೆ ತನ್ನದೇ ಡಿಎನ್‌ಎ ಇರುವ ಕೋಶದ ಭಾಗ) ಎನ್‌ಡಿ2 ಎಂಬ ಜೀನು. ಹಲ್ಲಿಗಳ ವಂಶವೃಕ್ಷ ಮಾಡುವವರೆಲ್ಲ ಅದನ್ನೇ ಓದಿರುವುದರಿಂದ ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ದಾಖಲೆಯಲ್ಲಿ ಹೋಲಿಕೆಗೆ ಬೇಕಾದಷ್ಟಿದೆ. ಕೋಶಕೇಂದ್ರದ ಕಡೆ ಪಿಡಿಸಿ, ಸಿ-ಮಾಸ್, ರ‍್ಯಾಗ್1 ಇವುಗಳ ಚಿಕ್ಕ ತುಣುಕುಗಳು, ಜೊತೆಗೆ ನಾವೇ ಹುಡುಕಿಕೊಂಡ ಕೆಲವು ಇಂಟ್ರಾನ್‌ಗಳು (ಜೀನಿನ ನಡುವೆ ಇದ್ದು ಪ್ರೋಟೀನಿಗೆ ಬಳಕೆಯಾಗದ ತುಂಡುಗಳು). ಜೆನ್‌ಬ್ಯಾಂಕಿನ ಹೆಸರನ್ನು ಕಣ್ಣು ಮುಚ್ಚಿ ನಂಬಬೇಡಿ. ಬ್ರೂಕಿ ಎಂಬ ಹಳೆಯ ಹೆಸರಿನ ಕೆಳಗೆ ಭಾರತದ ಒಂದಕ್ಕಿಂತ ಹೆಚ್ಚು ಪ್ರಭೇದಗಳ ಡಿಎನ್‌ಎ ಕೂತಿದೆ. ಬೆರೆಯುವ ಪಟ್ಟಿಯಿಂದ ದೂರ, ಎರಡೂ ಕೊನೆಗಳಿಂದ ಹತ್ತಿಪ್ಪತ್ತು ಹಲ್ಲಿಗಳನ್ನು ಸ್ವಂತ ಖರ್ಚಿನಲ್ಲಿ ಓದಿಸಿ. ಡಿಎನ್‌ಎಯ ಒಂದು ಜಾಗದಲ್ಲಿ ಒಂದು ಕಡೆ ಎಲ್ಲಕ್ಕೂ ಒಂದೇ ಅಕ್ಷರ (ಎ, ಟಿ, ಜಿ, ಸಿಗಳಲ್ಲಿ ಒಂದು), ಇನ್ನೊಂದು ಕಡೆ ಎಲ್ಲಕ್ಕೂ ಬೇರೆ ಅಕ್ಷರ ಇದ್ದರೆ ಮಾತ್ರ ಅದು ಗುರುತು. ನೂರಕ್ಕೆ ಎಂಬತ್ತು ಹೊಂದಿದರೂ ಬೇಡ. ಹತ್ತಿರದ ಪ್ರಭೇದಗಳಲ್ಲಿ ಪೂರ್ವಜರಿಂದ ಬಂದ ಹಳೆಯ ಅಕ್ಷರ ಎರಡೂ ಕಡೆ ಉಳಿದಿರುತ್ತದೆ, ಅದನ್ನು ಬೆರಕೆ ಅಂದುಕೊಂಡವರ ಪ್ರಬಂಧಗಳು ಬೇಕಾದಷ್ಟಿವೆ.

ಆ ಅಕ್ಷರದ ಮೇಲೆ ಕತ್ತರಿಸುವ ಎಂಜೈಮ್ ಬೇಕು. ಹಿನ್ಫ್‌-1, ಆಲು-1, ಹೇ-3, ರ‍್ಸಾ-1, ಈ ನಾಲ್ಕರಲ್ಲೇ ಮುಗಿಸಲು ನೋಡಿ. ಎಲ್ಲವೂ 37 ಡಿಗ್ರಿಯವು, ಅಗ್ಗ. ಟ್ಯಾಕ್-1ಗೆ 65 ಡಿಗ್ರಿ ಬೇಕು, ಟ್ಯೂಬ್ ಒಣಗುತ್ತದೆ, ಮುಚ್ಚಳ ಬಿಸಿಯಾಗುವ ಯಂತ್ರದಲ್ಲೇ ಇಡಬೇಕು. ಎಂಜೈಮ್ ಸಿಗದ ಜಾಗದಲ್ಲಿ ಪ್ರೈಮರಿನಲ್ಲೇ ಒಂದು ಅಕ್ಷರ ತಪ್ಪಾಗಿ ಬರೆಸಿ ಕತ್ತರಿಸುವ ಜಾಗ ಹುಟ್ಟಿಸಬಹುದು. ನಮ್ಮ ಒಂದು ಗುರುತು ಹಾಗೇ ಆದದ್ದು. ತಪ್ಪು ಅಕ್ಷರ ಎಷ್ಟನೆಯ ಜಾಗದಲ್ಲಿ ಅನ್ನುವುದು ನಮ್ಮಲ್ಲೇ ಇರಲಿ.

ಒಂದು ಗುರುತನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಇಡೀ ವಿಧಾನ ನಿಂತಿರುವುದು ಇದರ ಮೇಲೆ. ತುಣುಕು ಸುಮಾರು 400 ಅಕ್ಷರದ್ದು. ಆರಿಸುವಾಗಲೇ ಆ ಎಂಜೈಮ್ ಎರಡೂ ಪ್ರಭೇದಗಳಲ್ಲಿ ತಪ್ಪದೆ ಕತ್ತರಿಸುವ ಒಂದು ಜಾಗ ಒಳಗಿರುವ ಹಾಗೆ ನೋಡಿಕೊಂಡೆವು. ಅಲ್ಲಿ ಕತ್ತರಿಸಿದರೆ 310 ಮತ್ತು 90. ಬಂಡೆ ಹಲ್ಲಿಯಲ್ಲಿ ಅಷ್ಟಕ್ಕೇ ನಿಲ್ಲುತ್ತದೆ. ಗೋಡೆ ಹಲ್ಲಿಯಲ್ಲಿ 310 ಮತ್ತೆ ತುಂಡಾಗಿ 190, 120 ಆಗುತ್ತದೆ. ಬೆರಕೆಯಾದರೆ 310, 190, 120, 90 ನಾಲ್ಕೂ. ಈಗ ಮುಖ್ಯ ಮಾತು: 400ರ ಬ್ಯಾಂಡು ಚೂರು ಕಂಡರೂ ಆ ಲೇನ್ (ಜೆಲ್ ಮೇಲೆ ಆ ಹಲ್ಲಿಯ ಸಾಲು) ರದ್ದು. ಎಂಜೈಮ್ ಕೆಲಸ ಪೂರ್ತಿ ಮುಗಿಸಿಲ್ಲ ಎಂದರ್ಥ. ಅರ್ಧ ಕತ್ತರಿಸಿದ ಗೋಡೆ ಹಲ್ಲಿ ಜೆಲ್ ಮೇಲೆ ಥೇಟ್ ಬೆರಕೆಯ ಹಾಗೇ ಕಾಣುತ್ತದೆ. ಈ ಒಳಕಾವಲು ಇಲ್ಲದ ಗುರುತಿನಲ್ಲಿ ಸಿಗುವ "ಬೆರಕೆ"ಗಳ ಸಂಖ್ಯೆ ಎಂಜೈಮ್ ಎಷ್ಟು ಹಳೆಯದು ಅನ್ನುವುದರ ಮೇಲೆ ನಿಂತಿರುತ್ತದೆ!

ಕತ್ತರಿಸುವ ಮಿಶ್ರಣ 15 ಮೈಕ್ರೋಲೀಟರ್: ಪಿಸಿಆರ್ 5, ಬಫರ್ 1.5, ಎಂಜೈಮ್ 3 ಯೂನಿಟ್, ಉಳಿದದ್ದು ನೀರು. ಪಿಸಿಆರಿನ ಪಾಲು ಮೂರರಲ್ಲಿ ಒಂದಕ್ಕಿಂತ ಹೆಚ್ಚಾದರೆ ಅದರ ಉಪ್ಪು ಎಂಜೈಮನ್ನು ತಡೆಯುತ್ತದೆ. ಎಂಜೈಮೇ ಹತ್ತರಲ್ಲಿ ಒಂದು ಪಾಲು ದಾಟಿದರೆ ಅದರ ಗ್ಲಿಸರಾಲಿನಿಂದ ಕಂಡಕಂಡಲ್ಲಿ ಕತ್ತರಿಸತೊಡಗುತ್ತದೆ. ಮೂರು ಗಂಟೆ ಬಿಡಿ. ಜೆಲ್ ನೂರಕ್ಕೆ 3ರ ಅಗರೋಸ್, 80 ವೋಲ್ಟ್, ಒಂದೂವರೆ ಗಂಟೆ. 90ರ ಬ್ಯಾಂಡು ಮಸುಕಾಗಿಯೇ ಇರುತ್ತದೆ, ಗಾಬರಿ ಬೇಡ. ಬೆರಕೆಯಲ್ಲಿ 310 ಬೇಕಾದದ್ದಕ್ಕಿಂತ ದಪ್ಪ ಕಾಣುವುದೂ ಸಹಜ. ಕೊನೆಯ ಸುತ್ತುಗಳಲ್ಲಿ ಎರಡು ಪ್ರಭೇದಗಳ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಜೋಡಿಯಾಗುತ್ತವೆ, ಆ ಜೋಡಿಯನ್ನು ಎಂಜೈಮ್ ಗುರುತಿನ ಜಾಗದಲ್ಲಿ ಕತ್ತರಿಸುವುದಿಲ್ಲ. ಬ್ಯಾಂಡಿನ ದಪ್ಪ ನೋಡಿ "ಇದು ಮುಕ್ಕಾಲು ಬಂಡೆ, ಕಾಲು ಗೋಡೆ" ಅಂತ ಹೇಳಹೊರಟವರಿಗೆ ಅದಕ್ಕೇ ನಾವು ಕೈಮುಗಿಯುವುದು.

ಇನ್ನು ನೊಣದ ಮಾತು. ನೊಣದ ಡಿಎನ್‌ಎ ತೊಂದರೆ ಕೊಡುವುದಿಲ್ಲ, ನಮ್ಮ ಪ್ರೈಮರ್ ಅದಕ್ಕೆ ಕೂರುವುದಿಲ್ಲ. ಆದರೆ ದೊಡ್ಡ ಹಲ್ಲಿ ಚಿಕ್ಕ ಹಲ್ಲಿಯನ್ನು ತಿನ್ನುತ್ತದೆ. ಹಿಂದಿನ ರಾತ್ರಿ ಬೇರೆ ಪ್ರಭೇದದ ಮರಿ ನುಂಗಿದ್ದರೆ ಬಾಯಲ್ಲಿ ಎರಡರ ಡಿಎನ್‌ಎಯೂ ಇರುತ್ತದೆ, ಕೋಶಕೇಂದ್ರದ ಗುರುತುಗಳೆಲ್ಲ ಬೆರಕೆ ಅಂತ ಹೇಳುತ್ತವೆ. ಚೀಲ, ಕೈಗವಸು ಬದಲಿಸದಿದ್ದರೂ ಇದೇ ಗತಿ. ಇದನ್ನು ಹಿಡಿಯುವುದು ಮೈಟೋಕಾಂಡ್ರಿಯ. ಅದು ತಾಯಿಯಿಂದ ಮಾತ್ರ ಬರುವಂಥದ್ದು, ನಿಜವಾದ ಬೆರಕೆಯಲ್ಲೂ ಒಂದೇ ಬಗೆ ಇರಬೇಕು. ಕೋಶಕೇಂದ್ರದಲ್ಲಿ ಎರಡು, ಮೈಟೋಕಾಂಡ್ರಿಯದಲ್ಲಿ ಒಂದು ಕಂಡರೆ ಬೆರಕೆ. ಎರಡರಲ್ಲೂ ಎರಡೆರಡು ಕಂಡರೆ ಕೊಳಕು, ಎತ್ತಿ ಎಸೆಯಿರಿ. ಸ್ವಾಬ್ ವಿಧಾನವನ್ನು ನಂಬದವರ ಬಾಯಿ ಮುಚ್ಚಿಸಿದ್ದು ಈ ಒಂದೇ ಪರೀಕ್ಷೆ. ತಾನೇ ಬಿದ್ದ ಬಾಲ ಮತ್ತು ಎಂಜಲು ಎರಡೂ ಸಿಕ್ಕ ಹಲ್ಲಿಗಳಲ್ಲಿ, ಹೀಗೆ ಸೋಸಿದ ಮೇಲೆ, ಎರಡರ ಉತ್ತರವೂ ಒಂದೇ ಬಂತು.

ಇದಕ್ಕೆ ತದ್ವಿರುದ್ಧ ತಪ್ಪು ಒಂದಿದೆ. ಡಿಎನ್‌ಎ ತೀರಾ ಕಡಿಮೆ ಇದ್ದರೆ ಎರಡು ಪ್ರತಿಗಳಲ್ಲಿ ಒಂದೇ ಪ್ರತಿ ಬೆಳೆದು, ಬೆರಕೆ ಶುದ್ಧ ಅನ್ನಿಸಿಕೊಳ್ಳುತ್ತದೆ. ಬ್ಯಾಂಡು ಮಸುಕಾದ ಯಾವ ಹಲ್ಲಿಯನ್ನೂ ಮೂರು ಸಲ ಓಡಿಸದೆ "ಶುದ್ಧ" ಅಂತ ಬರೆಯಬಾರದು. ಕಟ್ಟಾ ಪರೀಕ್ಷೆ ಬೇಕೆಂದರೆ ಕೃತಕ ಬೆರಕೆ ಮಾಡಿ. ಎರಡೂ ಪ್ರಭೇದಗಳ ಬಾಲದಿಂದ ಕಾಲಂ ಕಿಟ್‌ನಲ್ಲಿ ತೆಗೆದ ಡಿಎನ್‌ಎ ಕ್ಯೂಬಿಟ್‌ನಲ್ಲಿ ಅಳೆದು ಸಮಸಮ ಬೆರೆಸಿ, ಆಮೇಲೆ ಮೂರಕ್ಕೊಂದು, ಒಂಬತ್ತಕ್ಕೊಂದು. ಸಮಸಮದಲ್ಲೇ ಒಂದು ಕಡೆಯ ಬ್ಯಾಂಡು ಮಾಯವಾದರೆ ಪ್ರೈಮರ್ ಆ ಪ್ರಭೇದಕ್ಕೆ ಸರಿಯಾಗಿ ಕೂರುತ್ತಿಲ್ಲ. ನಮ್ಮ ಮೊದಲಿನ ರ‍್ಯಾಗ್1 ಪ್ರೈಮರ್ ಹಾಗೇ ಹೋಯಿತು, ಅದರ ಜೊತೆ ಸಾವಿರದ ಇನ್ನೂರು ರೂಪಾಯಿಯೂ.

ಎಷ್ಟು ಗುರುತು ಸಾಕು? ಕೈಲೆಕ್ಕ ಸಾಕು. ಬೇರೆ ಬೇರೆ ವರ್ಣತಂತುಗಳ ಮೇಲಿನ ಆರು ಗುರುತು ಇಟ್ಟುಕೊಳ್ಳಿ. ಮೊದಲ ತಲೆಮಾರಿನ ಬೆರಕೆಯಲ್ಲಿ ಆರೂ ಎರಡೆರಡು ತೋರಿಸುತ್ತವೆ. ಆ ಬೆರಕೆ ಮತ್ತೆ ಒಂದು ಶುದ್ಧದ ಜೊತೆ ಕೂಡಿ ಹುಟ್ಟಿದ್ದರಲ್ಲಿ ಪ್ರತಿ ಗುರುತೂ ಅರ್ಧ ಅವಕಾಶ. ಆರೂ ತಪ್ಪಿಸಿಕೊಂಡು ಶುದ್ಧ ಅನ್ನಿಸಿಕೊಳ್ಳುವ ಸಂಭವ 64ರಲ್ಲಿ 1. ಇನ್ನೊಂದು ತಲೆಮಾರು ಅದೇ ಕಡೆ ಕೂಡಿದರೆ ನೂರರಲ್ಲಿ 18 ತಪ್ಪಿಸಿಕೊಳ್ಳುತ್ತವೆ. ಮತ್ತೊಂದು ತಲೆಮಾರು ಹೋದರೆ ನೂರರಲ್ಲಿ 45. ಅಂದರೆ ಆರು ಗುರುತು ಇತ್ತೀಚಿನ ಬೆರಕೆ ಹಿಡಿಯುತ್ತದೆ, ಹಳೆಯದನ್ನು ಹಿಡಿಯದು. ಸಾವಿರ ವರ್ಷದ ಹಿಂದೆ ನುಸುಳಿದ ಜೀನು ಬೇಕೆಂದರೆ ಜೀನೋಮ್ ಓದಿಸಲೇಬೇಕು, ಅದರಲ್ಲಿ ಜೀನೋಮ್‌ನವರ ಮಾತು ಸರಿ. ಆದರೆ ಇವತ್ತು ಈ ಬಂಡೆಯ ಮೇಲೆ ಗಡಿ ಹೇಗೆ ನಿಂತಿದೆ ಅನ್ನುವ ಪ್ರಶ್ನೆಗೆ ಬೇಕಾದದ್ದು ಇತ್ತೀಚಿನ ಬೆರಕೆಯೇ.

ದುಡ್ಡಿನ ಲೆಕ್ಕ ನೆನಪಿನಿಂದ. ಪ್ರೈಮರ್ ಜೋಡಿ ಐನೂರು ಆರುನೂರು, ಏಳು ಜೋಡಿಗೆ ನಾಲ್ಕು ಸಾವಿರದ ಸುತ್ತ. ಎಂಜೈಮ್ ನಾಲ್ಕೂ ಸೇರಿ ಹದಿನೆಂಟು ಇಪ್ಪತ್ತು ಸಾವಿರ, ವರ್ಷಕ್ಕೂ ಹೆಚ್ಚು ಬಂತು. ಚೆಲೆಕ್ಸ್ ಡಬ್ಬಿಯ ಬೆಲೆ ಕೇಳಿ ಬೆಚ್ಚಬೇಡಿ, ನಾಲ್ಕು ಲ್ಯಾಬ್ ಸೇರಿ ಒಂದು ಡಬ್ಬಿ ತರಿಸಿಕೊಳ್ಳಿ. ಸ್ಯಾಂಗರ್ ಓದಿಗೆ (ಡಿಎನ್‌ಎ ಅಕ್ಷರಗಳನ್ನು ಓದಿಸುವುದಕ್ಕೆ) ಒಂದಕ್ಕೆ ಮುನ್ನೂರರಿಂದ ನಾನ್ನೂರು, ಅದಕ್ಕೇ ಅದನ್ನು ಇಪ್ಪತ್ತು ಹಲ್ಲಿಗೆ ಮಾತ್ರ ಇಟ್ಟೆವು. ಪಿಸಿಆರ್ ಯಂತ್ರ ಮುಚ್ಚಿಹೋದ ಡಯಗ್ನಾಸ್ಟಿಕ್ ಲ್ಯಾಬಿನದು, ಅರವತ್ತು ಸಾವಿರದ ಆಸುಪಾಸು. 56 ಡಿಗ್ರಿಯ ಹೀಟಿಂಗ್ ಬ್ಲಾಕ್ ಪುಣೆಯ ಎಲೆಕ್ಟ್ರಾನಿಕ್ಸ್ ಬೀದಿ ತಪಕೀರ್ ಗಲ್ಲಿಯ ಸಾಮಾನಿನಿಂದ ಕೈಯಲ್ಲೇ ಮಾಡಿದ್ದು, ಮೂರು ಸಾವಿರವೂ ಆಗಲಿಲ್ಲ. ಅದರ ಥರ್ಮೋಸ್ಟಾಟ್ ಎರಡು ಡಿಗ್ರಿ ಆಚೀಚೆ ಆಗುತ್ತದೆ, ಪ್ರೋಟಿನೇಸ್ ಕೆಗೆ ಪರವಾಗಿಲ್ಲ, ಎಂಜೈಮ್ ಕತ್ತರಿಸುವುದಕ್ಕೆ ಬಳಸಬೇಡಿ. ಜೀನೋಮಿನ ತುಣುಕು ಓದಿಸುವ ವಿಧಾನಕ್ಕೆ ಒಂದು ಕಂಪನಿ ಹೇಳಿದ ದರ ಹಲ್ಲಿಗೆ ಆರೇಳು ಸಾವಿರ, ಅದೂ ಅವರು ಕೇಳುವಷ್ಟು ಗಟ್ಟಿ ಡಿಎನ್‌ಎ ಕೊಟ್ಟರೆ. ಎಂಜಲಿನಿಂದ ಅಷ್ಟು ಬರುವುದಿಲ್ಲ.

ಈ ಅಗ್ಗದ ದಾರಿಯ ಲಾಭ ಸಂಖ್ಯೆ. ಗಡಿಯ ಅಗಲ ಅಳೆಯಲು ಹಲ್ಲಿಗಳು ಬಹಳ ಬೇಕು. ರಸ್ತೆಯ ಮೋರಿ, ತಡೆಗೋಡೆ, ಬಂಡೆಗಳಲ್ಲಿ ನಡುವಿನ ಪಟ್ಟಿಯಲ್ಲಿ 50 ಮೀಟರಿಗೊಂದು ಜಾಗ, ಹೊರಗೆ 200 ಮೀಟರಿಗೊಂದು. ಪ್ರತಿ ಜಾಗದಲ್ಲಿ ಗೋಡೆ ಹಲ್ಲಿಯ ಅಕ್ಷರ ನೂರಕ್ಕೆ ಎಷ್ಟು ಅಂತ ಬರೆದು ಗೆರೆ ಎಳೆಯಿರಿ. ಸುಮಾರು 12ರಿಂದ 88ಕ್ಕೆ ಏರುವ ದೂರವೇ ಅಗಲ. ಇಲ್ಲಿ ವಿಕಾಸ ವಿಜ್ಞಾನಿಗಳಾದ ನಿಕ್ ಬಾರ್ಟನ್, ಗಾಡ್‌ಫ್ರೇ ಹೆವಿಟ್ ಹೇಳಿದ ಸೂತ್ರ ಕೈಗೆ ಬರುತ್ತದೆ: ಅಗಲದ ವರ್ಗ ಎಂದರೆ ಓಡಾಟದ ವರ್ಗದ ಎಂಟು ಪಟ್ಟನ್ನು ಬೆರಕೆಯ ನಷ್ಟದಿಂದ (ಬದುಕಿ ಮರಿ ಮಾಡುವುದರಲ್ಲಿ ಅವು ಶುದ್ಧದವಕ್ಕಿಂತ ಎಷ್ಟು ಪಾಲು ಹಿಂದೆ ಅನ್ನುವುದು) ಭಾಗಿಸಿದ್ದು. ಹಲ್ಲಿ ಹುಟ್ಟಿದ ಜಾಗದಿಂದ ಮರಿ ಮಾಡುವ ಜಾಗಕ್ಕೆ 50 ಮೀಟರ್ ಸರಿಯುತ್ತದೆ ಅಂದುಕೊಳ್ಳಿ. ಅಗಲ 500 ಮೀಟರ್ ಬಂದರೆ ಬೆರಕೆಗಳಿಗೆ ನೂರಕ್ಕೆ 8ರಷ್ಟು ನಷ್ಟ. 200 ಮೀಟರ್ ಬಂದರೆ ನೂರಕ್ಕೆ 50.

ನಷ್ಟವೇ ಇಲ್ಲದಿದ್ದರೆ? ಆಗ ಗಡಿ ಪ್ರತಿ ತಲೆಮಾರಿಗೂ ಹರಡುತ್ತ ಹೋಗಬೇಕು: ಓಡಾಟದ ಎರಡೂವರೆ ಪಟ್ಟು, ಅದಕ್ಕೆ ತಲೆಮಾರುಗಳ ವರ್ಗಮೂಲದಿಂದ ಗುಣಿಸಿದ್ದು. 60 ವರ್ಷ ಹಿಂದೆ ರಸ್ತೆಯಾಗಿ ಇವು ಭೇಟಿಯಾದವು, ವರ್ಷಕ್ಕೊಂದು ತಲೆಮಾರು ಅಂದರೆ ಇಷ್ಟು ಹೊತ್ತಿಗೆ ಸುಮಾರು ಒಂದು ಕಿಲೋಮೀಟರ್ ಹರಡಬೇಕಿತ್ತು. ನಮ್ಮ ಪಟ್ಟಿ ಅದರ ಅರ್ಧವೂ ಇಲ್ಲ. ಏನೋ ಹಿಡಿದು ನಿಲ್ಲಿಸಿದೆ. ಆದರೆ ಓಡಾಟದ ಅಂಕಿ ವರ್ಗವಾಗಿ ಬರುವುದರಿಂದ 50ರ ಬದಲು 100 ಮೀಟರ್ ಆದರೆ ಅದೇ ಅಗಲಕ್ಕೆ ನಷ್ಟ ನಾಲ್ಕು ಪಟ್ಟು. ದೊಡ್ಡ ಹಲ್ಲಿಯ ತಲೆಯ ಚುಕ್ಕೆ ಫೋಟೋ ತೆಗೆದು ಮುಂದಿನ ವರ್ಷ ಮತ್ತೆ ಹುಡುಕಿದರೆ ಅದು ಅದೇ ಬಿರುಕಿನಲ್ಲಿ ಕೂತಿರುತ್ತದೆ. ದೂರ ಹೋಗುವುದು ಮರಿಗಳು, ಅವು ಸಿಗುವುದಿಲ್ಲ. ಓಡಾಟ ಅಳೆಯುವವರೆಲ್ಲ ಕಡಿಮೆಯೇ ಅಳೆಯುತ್ತಾರೆ, ಆದ್ದರಿಂದ ನಷ್ಟದ ಅಂಕಿಯೂ ಕಡಿಮೆಯೇ ಬರುತ್ತದೆ ಅಂತ ಓದಿಕೊಳ್ಳಿ.

ಮೈಟೋಕಾಂಡ್ರಿಯದಿಂದ ಇನ್ನೊಂದು ಸುದ್ದಿ ಸಿಗುತ್ತದೆ, ಬೆರಕೆಯ ತಾಯಿ ಯಾರು ಅಂತ. ನಮ್ಮಲ್ಲಿ ಮೊದಲ ತಲೆಮಾರಿನ ಬೆರಕೆಗಳ ತಾಯಿ ಹೆಚ್ಚಾಗಿ ಬಂಡೆ ಹಲ್ಲಿ. ಗೋಡೆ ಹಲ್ಲಿಯ ಗಂಡು ದೊಡ್ಡದು, ಬಂಡೆಯ ಗಂಡನ್ನು ಓಡಿಸುತ್ತದೆ ಅನ್ನುವುದು ಸುಲಭದ ವಿವರಣೆ, ನನಗೆ ಪೂರ್ತಿ ನಂಬಿಕೆ ಇಲ್ಲ. ಎದುರು ದಿಕ್ಕಿನ (ಗೋಡೆ ಹಲ್ಲಿ ತಾಯಿಯಾದ) ಮೊಟ್ಟೆ ಒಡೆಯದೇ ಇದ್ದರೂ ಇದೇ ಚಿತ್ರ ಬರುತ್ತದೆ. ಬರೀ ಮೈಟೋಕಾಂಡ್ರಿಯ ಓದಿ ಪ್ರಭೇದದ ಹೆಸರು ಹಚ್ಚುವವರು ಪೋರ್ಟೊ ರಿಕೊದ ಅನೋಲಿಸ್ ಪುಲ್ಚೆಲ್ಲಸ್ ಎಂಬ ಓತಿಯನ್ನು ನೆನಪಿಟ್ಟುಕೊಳ್ಳಲಿ. ದ್ವೀಪದ ಪಶ್ಚಿಮ ಭಾಗದಲ್ಲಿ ಅದು ಇನ್ನೊಂದು ಪ್ರಭೇದವಾದ ಅನೋಲಿಸ್ ಕ್ರುಗಿಯ ಮೈಟೋಕಾಂಡ್ರಿಯ ಹೊತ್ತು ತಿರುಗುತ್ತದೆ, ಮೈಕಟ್ಟು ಮಾತ್ರ ತನ್ನದೇ. ಹಾಲ್ಡೇನ್ ನಿಯಮವನ್ನೂ ಕುರುಡಾಗಿ ತರಬೇಡಿ. ಲಿಂಗ ವರ್ಣತಂತು ಬೇರೆ ಬೇರೆ ಇರುವ ಲಿಂಗದ ಬೆರಕೆ ಮೊದಲು ಸೊರಗುತ್ತದೆ ಅನ್ನುವುದು ಸರಿ, ಆದರೆ ಹಲ್ಲಿಗಳಲ್ಲಿ ಕೆಲವಕ್ಕೆ ಎಕ್ಸ್-ವೈ, ಕೆಲವಕ್ಕೆ ಝಡ್-ಡಬ್ಲ್ಯು, ಕೆಲವಕ್ಕೆ ಮೊಟ್ಟೆಯ ಬಿಸಿಯೇ ಲಿಂಗ ತೀರ್ಮಾನಿಸುತ್ತದೆ. ನಿಮ್ಮ ಜೋಡಿ ಯಾವುದು ಅಂತ ಗೊತ್ತಾಗುವವರೆಗೆ ಗಂಡು ಕಡಿಮೆ ಹೆಣ್ಣು ಹೆಚ್ಚು ಅನ್ನುವ ಎಣಿಕೆಗೆ ಬೆಲೆ ಇಲ್ಲ.

ಎಂಜಲಿನ ಪಕ್ಕದಲ್ಲಿ ನಡೆಸಿದ ಒಂದು ಪ್ರಯೋಗ ಈಗ ಮುಖ್ಯ ಕೆಲಸವನ್ನೇ ನುಂಗುತ್ತಿದೆ: ಮೊಟ್ಟೆಯ ಓಡು. ಹೆಮಿಡ್ಯಾಕ್ಟಿಲಸ್ ಎರಡೆರಡು ಗಟ್ಟಿ ಓಡಿನ ಮೊಟ್ಟೆ ಬಿರುಕಿನಲ್ಲಿ ಇಡುತ್ತದೆ, ಹಲವು ಹೆಣ್ಣುಗಳು ಒಂದೇ ಬಿರುಕಿಗೆ ಬರುವುದೂ ಉಂಟು. ಮರಿ ಹೊರಬಂದ ಓಡಿನ ಒಳಗೆ ತೆಳು ಪೊರೆ ಅಂಟಿರುತ್ತದೆ, ಅದರಲ್ಲಿ ಮರಿಯ ಡಿಎನ್‌ಎ ಇದೆ. ಓಡಿನ ಹೊರಮೈಗೆ ನೂರಕ್ಕೆ 1ರ ಹೈಪೋಕ್ಲೋರೈಟ್ ಅರ್ಧ ನಿಮಿಷ ಒರೆಸಿ, ನೀರಲ್ಲಿ ತೊಳೆದು, ಪೊರೆಯನ್ನು ಚಿಮಟದಲ್ಲಿ ಸುಲಿದು ಮೇಲಿನ ಹಾಗೇ ಚೆಲೆಕ್ಸ್. ಹೊರಮೈ ಒರೆಸದಿದ್ದರೆ ತಾಯಿಯದೂ ಪಕ್ಕದ ಹೆಣ್ಣಿನದೂ ಸೇರುತ್ತದೆ. ಬಿಸಿಲು ಬೀಳುವ ಬಿರುಕಿನ ಓಡಿನಿಂದ ಏನೂ ಬರುವುದಿಲ್ಲ, ನೆರಳಿನದಾದರೆ ಮೂರರಲ್ಲಿ ಎರಡು ಬರುತ್ತವೆ. ಒಂದು ಮಳೆಗಾಲ ಕಂಡ ಓಡು ಕಸ.

ಇದರಲ್ಲಿ ಹಲ್ಲಿಯನ್ನು ಮುಟ್ಟುವುದೇ ಇಲ್ಲ, ಮೇಲಾಗಿ ಮರಿಯ ಹಂತದಲ್ಲಿ ಬೆರಕೆ ಎಷ್ಟು, ದೊಡ್ಡವುಗಳಲ್ಲಿ ಎಷ್ಟು ಅಂತ ಹೋಲಿಸಬಹುದು. ಓಡುಗಳಲ್ಲಿ ಹೆಚ್ಚು, ದೊಡ್ಡವುಗಳಲ್ಲಿ ಕಡಿಮೆ ಇದ್ದರೆ ಬೆರಕೆಗಳು ನಡುವೆ ಸಾಯುತ್ತಿವೆ. ಎರಡರಲ್ಲೂ ಕಡಿಮೆ ಇದ್ದರೆ ಅವು ಕೂಡುವುದೇ ಅಪರೂಪ, ಅಥವಾ ಮೊಟ್ಟೆಯಲ್ಲೇ ನಿಲ್ಲುತ್ತಿವೆ. ಆ ಕೊನೆಯ ಎರಡನ್ನು ಬೇರ್ಪಡಿಸಲು ಒಡೆಯದೆ ಒಣಗಿದ ಮೊಟ್ಟೆ ಬೇಕು. ಅದನ್ನು ಬೇರೆ ಚೀಲದಲ್ಲಿ ಇಡಿ, ಒಡೆದ ಓಡಿನ ಜೊತೆ ಸೇರಿಸಬೇಡಿ. ಗಂಡಿಲ್ಲದೆ ಇಟ್ಟ ಬರಡು ಮೊಟ್ಟೆಯಲ್ಲಿ ತಾಯಿಯ ಡಿಎನ್‌ಎ ಮಾತ್ರ ಸಿಕ್ಕು ಶುದ್ಧ ಅಂತ ತೋರುತ್ತದೆ, ಅದಕ್ಕೇ ಒಳಗೆ ಭ್ರೂಣ ಕಣ್ಣಿಗೆ ಕಂಡ ಮೊಟ್ಟೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಓಡುಗಳ ಎಣಿಕೆ ಇನ್ನೂ ಮಾತಾಡುವಷ್ಟಾಗಿಲ್ಲ. ಘಾಟಿನ ಆ ಕಡೆ ಕೆಲಸ ಮಾಡುವವರು, ಬೆಳಗಾವಿ ಕಡೆಯಿಂದ ಬರುವ ಹುಡುಗರು ಸೇರಿ, ಮುಂಗಾರು ಇಳಿಯುವ ಮುಂಚೆ ಬಿರುಕುಗಳನ್ನು ನೋಡಿಟ್ಟರೆ ಸಾಕು: ಬಿರುಕು ಯಾವ ದಿಕ್ಕಿಗಿದೆ, ನೆರಳು ಎಷ್ಟು ಹೊತ್ತು, ಓಡಿನಲ್ಲಿ ಮರಿ ಹೊರಬಂದ ತೂತು ಇದೆಯೋ ಇಲ್ಲವೋ. ಪರವಾನಗಿಯಲ್ಲಿ ಓಡು ಮತ್ತು ಮೊಟ್ಟೆ ಅಂತ ಬೇರೆ ಬರೆಸಿಕೊಳ್ಳಿ, "ಹಲ್ಲಿಯ ಮಾದರಿ" ಅಂತ ಒಂದೇ ಸಾಲು ಇದ್ದರೆ ಚೆಕ್‌ಪೋಸ್ಟಿನಲ್ಲಿ ಒಪ್ಪುವುದಿಲ್ಲ.